ಅಮ್ಮನ ಎಡಗೈ ವಿಷಯ

ಮ್ಯಾಂಚೆಸ್ಟರ್

ಅಣ್ಣನಿಗೆ ನಮಸ್ಕಾರ.

ನಾನು ಕ್ಷೇಮ. ಇಲ್ಲಿ ಈಗ ಬೇಸಿಗೆಯಂತೆ, ನಾನಿನ್ನೂ ಸ್ವೆಟರ್ ಬಿಟ್ಟಿಲ್ಲ. ನಿನ್ನ ಕಾಗದ ಸಿಕ್ಕಿತು.

ಅಮ್ಮ ಅಂಗಳದ ಹಾವಸೆಯಲ್ಲಿ ಜಾರಿದ್ದು ಸರಿ, ಎಡಗೈಯನ್ನೇ ಊರಿ ಮಣಿಕಟ್ಟು ಮುರಿದುಕೊಳ್ಳಬೇಕಿತ್ತಾ ಮಾರಾಯ! ಡಯಾಲಿಸಿಸ್‌ನ ಸೂಜಿ ಹಾಕುವ ಫಿಸ್ಟುಲಾ ಇರುವುದೇ ಆ ಕೈಯಲ್ಲಿ.

ದೊಡ್ಡಮ್ಮ ಹೇಳಿದ ನಾಟಿ ಕಟ್ಟು ಬೇಡವೇ ಬೇಡ. ಭಾವನ ಕಾಲು ಆ ನಾಟಿ ವೈದ್ಯರೇ ಸರಿ ಮಾಡಿದ್ದು, ಒಪ್ಪಿದೆ. ಆದರೆ ಅಮ್ಮನ ಫಿಸ್ಟುಲಾ ಅಂದರೆ ನಾಡಿ ಹಿಡಿದು ನೋಡುತ್ತಾರಲ್ಲ, ಆ ರಕ್ತನಾಳವನ್ನೇ ಪಕ್ಕದ ನೀಲಿ ನರಕ್ಕೆ (ವೇನ್‌ಗೆ) ಹೊಲಿದದ್ದು. ಬಿಗಿಯಾಗಿ ಸುತ್ತಿದರೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗಬಹುದು. ಆಮೇಲೆ ಡಯಾಲಿಸಿಸ್‌ಗೆ ಕುತ್ತಿಗೆಗೆ ಪೈಪ್ ಹಾಕಬೇಕಾದೀತು. ಈಗ ಹಾಕಿದ ಪ್ಲಾಸ್ಟರಿಗೂ ಇದೇ ಮಾತು. ಬೆರಳು ಬಾತರೆ, ಜೋಮು ಹಿಡಿದರೆ ಕೂಡಲೇ ತೋರಿಸು. ಪ್ಲಾಸ್ಟರಿನ ಮೇಲ್ಗಡೆ, ಮೊಣಕೈ ಹತ್ತಿರದ ನರದ ಮೇಲೆ ಅಮ್ಮ ಬೆಳಿಗ್ಗೆ ಸಂಜೆ ಬೆರಳಿಟ್ಟು ನೋಡಲಿ. ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತಿರಬೇಕು. ನಿಂತರೆ ಬೆಳಗಾಗುವವರೆಗೆ ಕಾಯಬೇಡ.

ಮಂಗಳೂರಿನ ಡಾಕ್ಟ್ರು ಪ್ಲೇಟ್ ಹಾಕಬೇಕು ಅಂದದ್ದು ನನಗೂ ಸರಿ ಅನಿಸುತ್ತದೆ. ಮೂಳೆ ಜಾಗ ಬಿಟ್ಟಿದೆ ಅಂತ ನೀನೇ ಬರೆದಿದ್ದೀಯಲ್ಲ. ಕಿಡ್ನಿ ಕೆಟ್ಟವರ ಮೂಳೆಯಲ್ಲಿ ಗಟ್ಟಿ ಕಡಿಮೆ. ಸ್ಕ್ರೂ ಪ್ಲೇಟಿಗೇ ಲಾಕ್ ಆಗುವ ನಮೂನೆ ಬರುತ್ತದೆ, ಅಂಥ ಮೂಳೆಗೆ ಅದೇ ಒಳ್ಳೆಯದು. ತೊಂದರೆ ಏನೆಂದರೆ ಸಾಮಾನ್ಯವಾಗಿ ಅದನ್ನು ಅಂಗೈ ಕಡೆಯಿಂದ ಕೊಯ್ದು ಹಾಕುತ್ತಾರೆ, ಫಿಸ್ಟುಲಾದ ಪಕ್ಕದಲ್ಲೇ. ರಕ್ತ ಬಾರದಿರಲಿ ಅಂತ ತೋಳಿಗೆ ಗಾಳಿಪಟ್ಟಿಯನ್ನೂ ಬಿಗಿಯುತ್ತಾರೆ. ಎಲ್ಲಿ ಕೊಯ್ಯುತ್ತೀರಿ, ಪಟ್ಟಿ ಇಲ್ಲದೆ ಆಗುತ್ತದಾ ಅಂತ ಬಾಯಿಬಿಟ್ಟು ಕೇಳು, ನಾಚಿಕೆ ಮಾಡಬೇಡ. ಕಿಡ್ನಿ ಡಾಕ್ಟ್ರ ಹತ್ತಿರ ಒಂದು ಮಾತು ಆಡಿ ಅಂತಲೂ ಹೇಳು. ಡಯಾಲಿಸಿಸ್ ಆದ ಮರುದಿನ ಆಪರೇಶನ್ ಇಟ್ಟರೆ ಒಳ್ಳೆಯದು. ರಕ್ತ ಹೆಪ್ಪುಗಟ್ಟದಿರಲಿ ಅಂತ ಮೆಷಿನ್‌ನಲ್ಲಿ ಕೊಡುವ ಹೆಪಾರಿನ್ ಇಳಿದಿರುತ್ತದೆ, ಮೈಯಲ್ಲಿ ನೀರೂ ಜಾಸ್ತಿ ಇರುವುದಿಲ್ಲ. ಬೆಳಿಗ್ಗೆ ರಕ್ತದ ಪೊಟ್ಯಾಸಿಯಂ ನೋಡಿಯೇ ಒಳಗೆ ಕರೆದುಕೊಂಡು ಹೋಗಲಿ. ಪೂರ್ತಿ ಮಂಪರು ಬೇಕೆಂದಿಲ್ಲ, ತೋಳು ಮಾತ್ರ ಮರಗಟ್ಟಿಸಿಯೂ ಮಾಡುತ್ತಾರೆ.

ನೋಡಲು ಬರುವವರೆಲ್ಲ ಬೊಂಡ (ಎಳನೀರು) ಹಿಡಿದುಕೊಂಡು ಬರುತ್ತಾರೆ, ಗೊತ್ತುಂಟಲ್ಲ. ನೀವೇ ಕುಡಿಯಿರಿ, ಅಮ್ಮನಿಗೆ ಒಂದು ಗುಟುಕೂ ಬೇಡ, ಪೊಟ್ಯಾಸಿಯಂ ಏರುತ್ತದೆ. ಅಮ್ಮನ ಡಬ್ಬಿಯ ನೋವಿನ ಮಾತ್ರೆಯನ್ನು ಅಡಗಿಸಿಡು. ಅತ್ತಿಗೆಯ ತಂಗಿ ಹೇಳಿದ ಮೂಳೆ ಗಟ್ಟಿ ಮಾಡುವ ಇಂಜೆಕ್ಷನ್ ಡೆನೊಸುಮಾಬ್ ಇರಬೇಕು. ಡಯಾಲಿಸಿಸ್‌ನವರಲ್ಲಿ ಅದು ಕ್ಯಾಲ್ಸಿಯಂ ತೀರಾ ಇಳಿಸಬಹುದು ಅಂತ 2024ರಲ್ಲಿ ಅಮೆರಿಕದ ಔಷಧ ಇಲಾಖೆ ಗಟ್ಟಿ ಎಚ್ಚರಿಕೆ ಹಾಕಿದೆ. ಕಿಡ್ನಿ ಡಾಕ್ಟ್ರನ್ನು ಕೇಳದೆ ಬೇಡ.

ನನ್ನ ಕೆಲಸ ಕಷ್ಟವಾ ಅಂತ ಅಮ್ಮ ಕೇಳಿದ್ದಾಳಂತೆ. ಏನೂ ಇಲ್ಲ. ಇಲ್ಲಿ ಡಯಾಲಿಸಿಸ್‌ಗೆ ಟೈ ಕಟ್ಟಿಕೊಂಡು ಬರುವ ಅಜ್ಜ ಇದ್ದಾರೆ. ಮೆಷಿನ್ ಹಾಕಿದ ಮೇಲೆ ಅವರಿಗೆ ಚಾ, ಟೋಸ್ಟ್ ಕೊಡಬೇಕು. ನನ್ನನ್ನು ‘ಲವ್’ ಅಂತ ಕರೆಯುತ್ತಾರೆ. ಈ ಊರಲ್ಲಿ ಎಲ್ಲರನ್ನೂ ಹಾಗೇ ಕರೆಯುವುದು, ದೊಡ್ಡಮ್ಮನ ಎದುರು ಓದಬೇಡ ಅಷ್ಟೇ.

ದುಡ್ಡಿನ ಚಿಂತೆ ಬೇಡ, ನಿನ್ನೆಯೇ ಕಳಿಸಿದ್ದೇನೆ. ಬದಿಯಡ್ಕದಿಂದ ಬಸ್ಸು ಬೇಡ, ಕಾರು ಮಾಡು. ಕಾಸರಗೋಡಿನ ಡಯಾಲಿಸಿಸ್ ಪುಸ್ತಕ ಮರೆಯಬೇಡ. ಬಿಪಿ, ಸೂಜಿ ಏನಿದ್ದರೂ ಬಲಗೈಗೆ. ಏನೂ ಆಗುವುದಿಲ್ಲ, ನಿಜವಾಗಿ ಏನೂ ಆಗುವುದಿಲ್ಲ, ಇಂಥವರನ್ನು ನಾನು ದಿನಾ ನೋಡುತ್ತೇನೆ. ಅಮ್ಮ ಅತ್ತರೆ ನನಗೆ ಫೋನ್ ಮಾಡು, ರಾತ್ರಿಯಾದರೂ ಸರಿ.

ಡ್ಯೂಟಿಗೆ ಹೊತ್ತಾಯಿತು. ಆಪರೇಶನ್ ದಿನ ಗೊತ್ತಾದ ಕೂಡಲೇ ತಿಳಿಸು. ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು.

ನಿನ್ನ ತಂಗಿ