ಸಿಗಲಿಲ್ಲವೆಂಬ ಸುದ್ದಿಯೂ ಬರಲಿ

ಮಾನ್ಯರೇ,

ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದೆ ಗುರುತ್ವದಿಂದಷ್ಟೇ ಇರವು ತಿಳಿಯುವ ಕಪ್ಪುದ್ರವ್ಯದ ಸುಳಿವು ಸಿಕ್ಕಿತೆಂದಾಗ ಪತ್ರಿಕೆಗಳಲ್ಲಿ ದಪ್ಪಕ್ಷರದ ತಲೆಬರಹ ಕಾಣುತ್ತದೆ. ಹುಡುಕಿಯೂ ಸಿಗಲಿಲ್ಲವೆಂಬ ಫಲಿತಾಂಶ ಅಚ್ಚಾಗುವುದು ಅಪರೂಪ. ಕಳೆದ ಭಾನುವಾರ ಮನೆಗೆ ಬಂದಿದ್ದ ಪಿಯು ವಿದ್ಯಾರ್ಥಿಗಳಿಗೆ ಈ ಹುಡುಕಾಟದ ಕಥೆ ಹೇಳುತ್ತಿದ್ದಾಗ ಒಬ್ಬಳು, “ಏನೂ ಸಿಗದಿದ್ದರೆ ಅಷ್ಟೂ ಕೆಲಸ ದಂಡವಲ್ಲವೇ ಸಾರ್?” ಎಂದು ಕೇಳಿದಳು. ಆ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ.

ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ 4,410 ಮೀಟರ್ ಎತ್ತರದಲ್ಲಿರುವ ಲ್ಹಾಸೊ ವೀಕ್ಷಣಾಲಯ, 570 ದಿನಗಳ ದತ್ತಾಂಶವನ್ನು ಜಾಲಾಡಿ 2022ರಲ್ಲಿ ಒಂದು ಫಲಿತಾಂಶ ಪ್ರಕಟಿಸಿತು. ಕಪ್ಪುದ್ರವ್ಯದ ಕಣಗಳು ಪ್ರೋಟಾನಿಗಿಂತ ಹತ್ತಾರು ಲಕ್ಷ ಪಟ್ಟು ಭಾರವಾಗಿದ್ದು ಎಂದಾದರೊಮ್ಮೆ ಒಡೆಯುವಂತಿದ್ದರೆ, ಅತ್ಯಧಿಕ ಶಕ್ತಿಯ ಗಾಮಾ ಕಿರಣಗಳು ನಮ್ಮ ಆಕಾಶಗಂಗೆಯಿಂದ ಬರುತ್ತಿರಬೇಕು. ಗಾಮಾ ಕಿರಣವಾಗಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣದ ಪ್ರೋಟಾನಾಗಲಿ ವಾತಾವರಣಕ್ಕೆ ಬಡಿದಾಗ ಕಣಗಳ ಮಳೆಯೇ ಸುರಿಯುತ್ತದೆ. ಆದರೆ ಪ್ರೋಟಾನಿನ ಮಳೆಗೆ ಹೋಲಿಸಿದರೆ ಗಾಮಾ ಕಿರಣದ ಮಳೆಯಲ್ಲಿ ಎಲೆಕ್ಟ್ರಾನಿನ ಭಾರವಾದ ಬಂಧುಗಳಾದ ಮ್ಯುವಾನ್‌ಗಳು ತೀರ ವಿರಳ. ನೆಲದಡಿ ಹೂತಿಟ್ಟ ಡಿಟೆಕ್ಟರ್‌ಗಳು ಮ್ಯುವಾನ್‌ಗಳನ್ನು ಎಣಿಸಿ ಪ್ರೋಟಾನ್ ಮಳೆಯೆಂಬ ಜೊಳ್ಳನ್ನು ತೂರುತ್ತವೆ. ಹಾಗೆ ತೂರಿದ ಮೇಲೂ ಕಪ್ಪುದ್ರವ್ಯದ್ದೆನ್ನಬಹುದಾದ ಕಿರಣಗಳು ಕಾಣಲಿಲ್ಲ. ಆದ್ದರಿಂದ ಅಂಥ ಕಣವಿದ್ದರೂ ಅದರ ಆಯುಸ್ಸು, ವಿಶ್ವದ 1,380 ಕೋಟಿ ವರ್ಷಗಳ ವಯಸ್ಸಿನ ನೂರು ಕೋಟಿ ಪಟ್ಟಿಗಿಂತಲೂ ಹೆಚ್ಚಿರಬೇಕು. ಒಂದೂವರೆ ವರ್ಷ ಕಾದು ಇಷ್ಟು ದೀರ್ಘ ಆಯುಸ್ಸಿನ ಮಾತು ಹೇಳಬಹುದಾದದ್ದು, ಕಾದದ್ದು ಒಂದು ಕಣಕ್ಕಾಗಿ ಅಲ್ಲ, ಇಡೀ ಗೆಲಾಕ್ಸಿಯಲ್ಲಿ ಲೆಕ್ಕಕ್ಕೆ ಸಿಗದಷ್ಟಿರಬೇಕಾದ ಕಣಗಳಲ್ಲಿ ಯಾವುದಾದರೊಂದು ಒಡೆಯಲೆಂದು ಎಂಬ ಕಾರಣಕ್ಕೆ.

ಈ ಬಗೆಯ ಕಾಯುವಿಕೆ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನ ಕೆಜಿಎಫ್ ಗಣಿಯ ಆಳದಲ್ಲಿ 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು, ಅಂದರೆ ಯಾವುದಕ್ಕೂ ಸುಲಭವಾಗಿ ತಾಗದೆ ಹಾದುಹೋಗುವ ಕಣಗಳು, ಪತ್ತೆಯಾದವು. 1980ರ ದಶಕದಲ್ಲಿ ಅಲ್ಲಿಯೇ ಪ್ರೋಟಾನ್ ಒಡೆಯುತ್ತದೆಯೇ ಎಂದು ವರ್ಷಗಟ್ಟಲೆ ಕಾದರು. ಪ್ರೋಟಾನ್ ಒಡೆದದ್ದನ್ನು ಇಂದಿಗೂ ಯಾರೂ ಖಚಿತವಾಗಿ ಕಂಡಿಲ್ಲ, ಆದರೂ ಆ ಕಾಯುವಿಕೆಗಳು ಎಷ್ಟೋ ಸಿದ್ಧಾಂತಗಳನ್ನು ಬದಿಗೆ ಸರಿಸಿವೆ. ವಿಶ್ವಕಿರಣಗಳನ್ನು ಅಧ್ಯಯನ ಮಾಡುವ ಊಟಿಯ ಗ್ರೇಪ್ಸ್-3 ಪ್ರಯೋಗದಲ್ಲಿ ಆರು ಮೀಟರ್ ಉದ್ದದ ಚೌಕಾಕಾರದ ಉಕ್ಕಿನ ಕೊಳವೆಗಳು ಕಾಂಕ್ರೀಟಿನಡಿ ಇಂದಿಗೂ ಮ್ಯುವಾನ್‌ಗಳನ್ನು ಎಣಿಸುತ್ತಿವೆ. ಆ ವಿದ್ಯಾರ್ಥಿನಿಗೆ ಕೆಜಿಎಫ್ ಎಂದರೆ ಚಿನ್ನವಷ್ಟೇ ಗೊತ್ತಿತ್ತು. ಅದು ಅವಳ ತಪ್ಪಲ್ಲ.

ಇಂಥ ಫಲಿತಾಂಶಗಳು ಬಂದಾಗ, ಎಷ್ಟು ಭಾರದ ಕಣಕ್ಕೆ, ಎಷ್ಟು ಆಯುಸ್ಸಿನವರೆಗೆ ಬಾಗಿಲು ಮುಚ್ಚಿತು ಎಂಬುದನ್ನು ತಮ್ಮ ವಿಜ್ಞಾನ ಪುಟದಲ್ಲಿ ನಾಲ್ಕು ಸಾಲಿನಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಬಸವನಗುಡಿ, ಬೆಂಗಳೂರು