ಹೆಸರು ಹೇಳದೆ ಸಲ್ಲಿಸುವ ಕೃತಜ್ಞತೆ

ಶಿವಮೊಗ್ಗ ಜಿಲ್ಲೆಯಲ್ಲಿ ಎಚ್‌ಐವಿ ಸೋಂಕಿತರಿಗೆ ವೈರಸ್ ಹತ್ತಿಕ್ಕುವ ಔಷಧ ಕೊಡುವ ಎ.ಆರ್.ಟಿ. ಕೇಂದ್ರವೊಂದರ ವೈದ್ಯಾಧಿಕಾರಿಯಾಗಿದ್ದ ನಾನು ಕಳೆದ ತಿಂಗಳ ಕೊನೆಗೆ ವಯೋನಿವೃತ್ತಿ ಹೊಂದಿದೆ. ಬೀಳ್ಕೊಡುಗೆಯ ದಿನ ಶಾಲು, ಹಾರ, ಫಲತಾಂಬೂಲಗಳೆಲ್ಲ ನನ್ನೊಬ್ಬನಿಗೇ ಸಂದವು. ಅವುಗಳಲ್ಲಿ ಪಾಲಿರುವವರಿಗೆ ಬರಹದಲ್ಲಾದರೂ ಕೃತಜ್ಞತೆ ಸಲ್ಲಿಸಬೇಕೆಂದು ಕುಳಿತರೆ, ನಾನು ಯಾರಿಗೆ ಹೆಚ್ಚು ಋಣಿಯೋ ಅವರ ಹೆಸರನ್ನೇ ಬರೆಯುವಂತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ಅದು ಬರುವುದಕ್ಕೆ ಬಹಳ ಮೊದಲೇ ನಮ್ಮ ಆಪ್ತ ಸಮಾಲೋಚಕಿಯರು ಆ ನಿಯಮವನ್ನು ಪಾಲಿಸುತ್ತಿದ್ದರು. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಸಾಗರದ ಮಾರಿಜಾತ್ರೆಯಲ್ಲಿ ರೋಗಿಗಳು ಎದುರಾದರೆ ಗುರುತೇ ಇಲ್ಲದವರಂತೆ ದಾಟಿಹೋಗುವುದೂ ಅವರ ಕೆಲಸವಾಗಿತ್ತು. ಈ ಸಮಾಲೋಚಕಿಯರು ಯಾರೆಂದು ಊರಿಗೆ ತಿಳಿದರೆ ಅವರು ಮಾತನಾಡಿಸಿದವರ ಮೇಲೆಲ್ಲ ಅನುಮಾನ ಬೀಳುವುದರಿಂದ, ಅವರ ಹೆಸರನ್ನೂ ಇಲ್ಲಿ ಬರೆದಿಲ್ಲ.

ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದ 1986ರಲ್ಲಿ ನಾನು ವೈದ್ಯಕೀಯ ವಿದ್ಯಾರ್ಥಿ. ಮುಂದೆ ವೃತ್ತಿಗೆ ಬಂದಮೇಲೂ ಬಹುಕಾಲ ಕ್ಷಯ, ಭೇದಿ, ಬಾಯಿಹುಣ್ಣುಗಳಿಗೆ ಔಷಧ ಬರೆಯುತ್ತಿದ್ದೆವೇ ಹೊರತು ಮೂಲ ಕಾಯಿಲೆಗೆ ಕೊಡಲು ಬಡವರ ಕೈಗೆಟುಕುವ ಔಷಧ ನಮ್ಮಲ್ಲಿರಲಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಉಚಿತ ಎ.ಆರ್.ಟಿ. ಆರಂಭಿಸಿದ ಮೇಲೂ ರಕ್ತದಲ್ಲಿ ರೋಗದೊಡನೆ ಹೋರಾಡುವ, ಈ ವೈರಸ್ ನಾಶಮಾಡುವ ಸಿಡಿ4 ಕಣಗಳ ಸಂಖ್ಯೆ ಸಾಮಾನ್ಯವಾಗಿ 200ಕ್ಕಿಂತ ಕೆಳಗಿಳಿಯುವವರೆಗೆ ಕಾಯಬೇಕಿತ್ತು. ಇನ್ನಷ್ಟು ಬಿದ್ದ ಮೇಲೆ ಬನ್ನಿ ಎಂದು ರೋಗಿಗೆ ಹೇಳುವುದಕ್ಕಿಂತ ಕಷ್ಟದ ಮಾತನ್ನು ನಾನು ಆಡಿಲ್ಲ. ಆಗಿನ ಸ್ಟಾವುಡಿನ್ ಮಾತ್ರೆ ಜೀವ ಉಳಿಸುತ್ತಿತ್ತಾದರೂ ಎಷ್ಟೋ ಜನರ ಕೆನ್ನೆಯ ಕೊಬ್ಬು ಕರಗಿಸಿ, ಮುಚ್ಚಿಟ್ಟದ್ದನ್ನು ಮುಖದ ಮೇಲೇ ತೋರಿಸಿಬಿಡುತ್ತಿತ್ತು. ಹಾಗಿದ್ದೂ ಹೊತ್ತಿಗೆ ಸರಿಯಾಗಿ, ದಿನಕ್ಕೆ ಎರಡು ಬಾರಿ ಅದನ್ನು ನುಂಗಿ, ಅಡಿಕೆ ಸುಲಿಯುವ ಕಾಲದಲ್ಲಿ ದಿನದ ಕೂಲಿ ಬಿಟ್ಟು, ಜುಲೈ ಮಳೆಯಲ್ಲಿ ಮೊದಲ ಬಸ್ಸು ಹಿಡಿದು ಬಂದ ಆ ಮೊದಲ ತಲೆಮಾರಿನ ರೋಗಿಗಳಿಗೆ ನನ್ನ ನಮಸ್ಕಾರಗಳು. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಎಂಬ ನೀತಿ 2017ರಲ್ಲಿ ಬಂದಾಗ ನಮ್ಮ ಮಾತನ್ನು ಹೊಸಬರು ನಂಬಿದ್ದು ಇವರನ್ನು ನೋಡಿ.

ಘಟ್ಟದಂಚಿನ ಊರೊಂದರಿಂದ (ಊರು ಯಾವುದೆಂದು ಹೇಳುವುದಿಲ್ಲ) ಬರುತ್ತಿದ್ದ ಹೆಂಗಸೊಬ್ಬರು ಬಸ್ಸಿನ ಕುಲುಕಾಟಕ್ಕೆ ಮಾತ್ರೆಯ ಡಬ್ಬಿ ಗಲಗಲ ಎನ್ನುತ್ತದೆಂದು, ಔಷಧ ಕೊಡುವ ಕಿಟಕಿಯ ಬಳಿಯೇ ಅದರೊಳಗೆ ಹತ್ತಿ ತುರುಕಿ, ಎಲೆಯಡಿಕೆ ಚೀಲದ ತಳಕ್ಕೆ ಸೇರಿಸುತ್ತಿದ್ದರು. ಇದನ್ನು ಗಮನಿಸಿದ ನಮ್ಮ ಔಷಧ ವಿತರಕರು, ಯಾವ ಸುತ್ತೋಲೆಗೂ ಕಾಯದೆ, ಕೇಳಿದವರಿಗೂ ಕೇಳದವರಿಗೂ ಡಬ್ಬಿಯ ಜೊತೆ ಒಂದು ಚೂರು ಹತ್ತಿ ಕೊಡತೊಡಗಿದರು. ಕೇಂದ್ರ ನಡೆದದ್ದು ಇಂಥವರಿಂದ. 2020ರ ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಾಗ ಕ್ಷೇತ್ರ ಕಾರ್ಯಕರ್ತರು ಮಾತ್ರೆಗಳನ್ನು ಬೈಕಿನಲ್ಲಿ ಒಯ್ದು, ಮನೆಯ ಬಾಗಿಲಿಗೆ ಹೋಗದೆ, ಮೊದಲೇ ಗೊತ್ತುಮಾಡಿದ ತಿರುವಿನಲ್ಲಿ ನಿಂತು ತಲುಪಿಸಿದರು.

ಹೆರಿಗೆ ವಾರ್ಡಿನ ದಾದಿಯರ ಋಣ ಬೇರೆಯದೇ. ಬೇರೆಡೆ ಹೆರಿಗೆ ಮಾಡಿಸಲು ಒಲ್ಲೆವೆಂದು ಸಾಗಹಾಕಿದ ಗರ್ಭಿಣಿಯರನ್ನು ಅವರು ಅಪರಾತ್ರಿಯಲ್ಲೂ ಒಳಗೆ ಕರೆದುಕೊಂಡರು. ಹುಟ್ಟಿದ ಮಗುವಿಗೆ ತಾಯಿಯ ಸೋಂಕು ತಗಲದಂತೆ ನೆವಿರಾಪಿನ್ ಔಷಧದ ಹನಿ ಹಾಕಿ, ಅದನ್ನು ಮುಂದುವರಿಸುವ ಬಗೆಯನ್ನು ತಾಯಿಗೆ ಕಲಿಸಿದರು. ಹದಿನೆಂಟು ತಿಂಗಳಿಗೆ ಆ ಮಗುವಿನ ಕೊನೆಯ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂದಾಗ, ವರದಿಯನ್ನು ತಾಯಿಗೆ ತಿಳಿಸುವ ಸಂತೋಷವನ್ನು, ಅದರ ಹಕ್ಕು ಅವರದೇ ಆದ್ದರಿಂದ, ಸಾಧ್ಯವಾದಾಗಲೆಲ್ಲ ದಾದಿಯರಿಗೇ ಬಿಟ್ಟುಕೊಟ್ಟೆ. ರಾತ್ರಿ ಫೋನ್ ಬಂದಾಗ ಯಾರು, ಏಕೆ ಎಂದು ಒಮ್ಮೆಯೂ ಕೇಳದ ನನ್ನ ಮನೆಯವರಿಗೂ ನಾನು ಋಣಿ.

ಇದನ್ನು ಓದುತ್ತಿರುವ ನನ್ನ ರೋಗಿಗಳು ದಯವಿಟ್ಟು ಇಲ್ಲಿ ಉತ್ತರಿಸಬೇಡಿ. ನಿಮ್ಮ ಒಂದು ಸಾಲಿನಿಂದಲೂ ಯಾರಿಗಾದರೂ ಗುರುತು ಹತ್ತಬಹುದು. ನನ್ನ ಜಾಗಕ್ಕೆ ಹೊಸ ವೈದ್ಯರು ಬಂದಿದ್ದಾರೆ. ಕೊಠಡಿ ಅದೇ, ನಿಮ್ಮ ಪುಸ್ತಕದ ನೋಂದಣಿ ಸಂಖ್ಯೆಯೂ ಅದೇ. ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ನೋಡುವ ವೈರಲ್ ಲೋಡ್ ಪರೀಕ್ಷೆಯ ದಿನ ಹತ್ತಿರವಿರುವವರು ನನ್ನ ನಿವೃತ್ತಿಯ ನೆಪದಲ್ಲಿ ಅದನ್ನು ಮುಂದೂಡದೆ, ಮಾತ್ರೆ ಮುಗಿಯುವ ಮೊದಲೇ ಹೋಗಿ ಬನ್ನಿ.