ಟ್ರೇ ಕೊಳ್ಳುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾರದ ಪುರವಣಿಯಲ್ಲಿ ಬರುವ ಮನೆ ಅಲಂಕಾರದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಈಚೆಗೆ ಅದರಲ್ಲಿ ಲೋಹದ ಟ್ರೇಗಳ ಫೋಟೊಗಳೇ ಜಾಸ್ತಿ. ಟೀಪಾಯಿ ಮೇಲೊಂದು, ಊಟದ ಮೇಜಿನ ಮೇಲೊಂದು, ಕನ್ನಡಿಯ ಮುಂದೊಂದು. ನೋಡಲು ಚಂದ, ಬಳಸಲೂ ಒಳ್ಳೆಯದು. ಆದರೆ ಆ ಫೋಟೊಗಳಲ್ಲಿ ಇರುವುದೆಲ್ಲ ದೊಡ್ಡ ಊರಿನ ಫ್ಲಾಟುಗಳು. ಸಮುದ್ರದ ಬಗಲಲ್ಲಿರುವ ನಮ್ಮಂಥವರ ಮನೆಗೆ ಅದೇ ಟ್ರೇ ತಂದಿಟ್ಟರೆ ಏನಾಗುತ್ತದೆ ಎಂದು ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಮದುವೆಯಾಗಿ ಬಂದದ್ದು ಕಾರವಾರದ ಕೋಡಿಬಾಗಕ್ಕೆ. ಜಿಲ್ಲೆ ಒಂದೇ, ಹವೆ ಬೇರೆ. ಘಟ್ಟದ ಮೇಲೆ ಹಬ್ಬಕ್ಕೆಂದು ತಿಕ್ಕಿಟ್ಟ ಹಿತ್ತಾಳೆ ಬಹಳ ದಿನ ಹೊಳೆಯುತ್ತದೆ. ಇಲ್ಲಿ ನೋಡನೋಡುತ್ತಲೇ ಮಂಕಾಗುತ್ತದೆ. ಕಾರಣ ಉಪ್ಪು. ಅಲೆ ಒಡೆದಾಗ ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ಉಪ್ಪಿನ ಕಣಗಳಾಗಿ ತೇಲಿ ಬರುತ್ತವೆ. ಕಿಟಕಿಯಿಂದ ಒಳಗೆ ಬಂದು ಎಲ್ಲದರ ಮೇಲೂ ಕೂರುತ್ತವೆ. ಉಪ್ಪು ಸುಮ್ನೆ ಕೂರುವುದಿಲ್ಲ, ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಲೋಹದ ಮೈ ಒಣಗುವುದೇ ಕಡಿಮೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರಲ್ಲಿ ಮಳೆಗಾಲದ ಮಾತು ಕೇಳುವುದೇ ಬೇಡ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಕಿಲುಬು, ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ.

ನಮ್ಮ ಮನೆ ಒಕ್ಕಲಿಗೆ ಉಡುಗೊರೆಯಾಗಿ ಬಂಗಾರ ಬಣ್ಣದ ಒಂದು ಟ್ರೇ ಬಂದಿತ್ತು. ಎರಡು ಹಿಡಿಕೆ, ಅಂಚಿನ ಸುತ್ತ ಎಲೆಬಳ್ಳಿ. ಒಂದೇ ಮಳೆಗಾಲ ಕಳೆಯುವಷ್ಟರಲ್ಲಿ ಹಿಡಿಕೆಯ ಬೆಸುಗೆ ಹತ್ತಿರ ಬಣ್ಣ ಗುಳ್ಳೆಯೆದ್ದಿತು. ಉಗುರು ತಾಗಿಸಿದರೆ ಸಿಪ್ಪೆ ಬಂದಂತೆ ಬಂತು. ಒಳಗೆ ಕಬ್ಬಿಣದ ತೆಳ್ಳನೆ ತಗಡು. ಎತ್ತಿ ನೋಡಿದರೆ ಹಲಸಿನ ಮರದ ಟೀಪಾಯಿ ಮೇಲೆ ಕಂದು ಬಣ್ಣದ ಕಲೆ. ಎಷ್ಟು ಉಜ್ಜಿದರೂ ಅದು ಹೋಗಲಿಲ್ಲ. ಕೊಟ್ಟವರದ್ದೇನೂ ತಪ್ಪಿಲ್ಲ. ಒಳಗಿರುವುದು ಯಾವ ಲೋಹ ಎಂದು ಡಬ್ಬಿಯ ಮೇಲೆ ಎಲ್ಲೂ ಬರೆದಿರಲಿಲ್ಲ. ಮಾರುವವರು ಇಷ್ಟಾದರೂ ಬರೆಯಬೇಕಲ್ವಾ?

ಅಂಗಡಿಯಲ್ಲೇ ಪರೀಕ್ಷೆ ಮಾಡಲು ಸುಲಭದ ದಾರಿ ಇದೆ. ಒಂದು ಸಣ್ಣ ಅಯಸ್ಕಾಂತ ಚೀಲದಲ್ಲಿಟ್ಟುಕೊಳ್ಳಿ. ತಾಮ್ರ ಮತ್ತು ಸತು ಸೇರಿದ ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ ಇದೆ, ಮೇಲೆ ಇರುವುದು ಬರೀ ಬಣ್ಣ ಅಥವಾ ಲೇಪ. ಅಂಟಲಿಲ್ಲ ಅಂದ ಮಾತ್ರಕ್ಕೆ ಹಿತ್ತಾಳೆಯೇ ಎಂದುಕೊಳ್ಳಬೇಡಿ, ಬಣ್ಣ ಬಳಿದ ಅಲ್ಯೂಮಿನಿಯಂ ಕೂಡ ಇರಬಹುದು. ಆಗ ಕೈಯಲ್ಲಿ ಎತ್ತಿ ನೋಡಿ. ಅಷ್ಟೇ ಗಾತ್ರದ ಅಲ್ಯೂಮಿನಿಯಂಗಿಂತ ಹಿತ್ತಾಳೆ ಮೂರು ಪಟ್ಟು ಭಾರ. ಕೈಗೆ ತಕ್ಷಣ ಗೊತ್ತಾಗುತ್ತದೆ.

ಆದರೆ ನನ್ನ ಮುಖ್ಯ ಮಾತು ಕೊಳ್ಳುವುದರ ಬಗ್ಗೆ ಅಲ್ಲ. ನಮ್ಮ ಜಿಲ್ಲೆಯಲ್ಲಿ ಹಳೆಯ ಮನೆಗಳ ಅಟ್ಟ ಹತ್ತಿದರೆ ಒಂದಾದರೂ ಹರಿವಾಣ ಸಿಗುತ್ತದೆ. ಎಲೆ, ಅಡಿಕೆ, ಸುಣ್ಣ ಇಟ್ಟು ಬಂದವರ ಮುಂದೆ ದೂಡುತ್ತಿದ್ದ ಕವಳದ ತಬಕು ಸಿಗುತ್ತದೆ. ಮದುವೆ, ಮುಂಜಿಗೆ ಹೊರಬರುತ್ತಿದ್ದ ಪರಾತ ಸಿಗುತ್ತದೆ. ಅಂಚು ಎತ್ತಿದ, ದಪ್ಪ ಲೋಹದ, ಕೈಗೆ ಭಾರವಾಗುವ ಇಂಥ ಸಾಮಾನು ಇವತ್ತು ಹೊಸದಾಗಿ ಕೊಳ್ಳಹೋದರೆ ಕೈ ಸುಡುತ್ತದೆ. ನಮ್ಮ ಆಯಿ ನನಗೆ ಒಂದು ಹರಿವಾಣ ಕೊಟ್ಟದ್ದು ಹೀಗೇ. ‘ಅಟ್ಟದ ಮೇಲೆ ಸುಮ್ನೆ ಬಿದ್ಕಂಡಿದ್ದು, ತಗಂಡು ಹೋಗೆ ಮಗಳೆ’ ಅಂದಿದ್ದಳು. ಮೊಳದಗಲದ ಹಿತ್ತಾಳೆ ಹರಿವಾಣ. ಹಿಂದೆ ಮಗುಚಿ ನೋಡಿದರೆ ಅಂಚಿನ ಹತ್ತಿರ ಅಮ್ಮಮ್ಮನ ಹೆಸರು, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದದ್ದು. ಹೆಸರಿನ ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಮೇಲಕ್ಕೆ ಸರಿದಿದೆ. ಒಳಮೈಯಲ್ಲಿ ವರ್ಷಗಟ್ಟಲೆ ತಿಕ್ಕಿದ ಸಣ್ಣ ಗೆರೆಗಳು ಸುತ್ತು ಸುತ್ತಾಗಿವೆ. ಬೆಳಿಗ್ಗೆಯ ಬಿಸಿಲು ಬಿದ್ದರೆ ಅವೆಲ್ಲ ಎದ್ದು ಕಾಣುತ್ತವೆ. ಅಂಗಡಿಯ ಯಾವ ಟ್ರೇಗೂ ಈ ಮೆರುಗು ಇಲ್ಲ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅದು ಈಗ ನಮ್ಮ ಜಗಲಿಯ ಟೀಪಾಯಿ ಮೇಲಿದೆ. ಮಾವನವರ ಕನ್ನಡಕದ ಡಬ್ಬಿ, ರಿಮೋಟು, ಕರೆಂಟು ಹೋದರೆ ಬೇಕಾಗುವ ಟಾರ್ಚು, ಒಂದು ತಾಮ್ರದ ಚೊಂಬು. ಇಷ್ಟೇ. ಇವೇ ಸಾಮಾನು ಬರಿಯ ಟೀಪಾಯಿ ಮೇಲೆ ಹರಡಿದ್ದರೆ ಮನೆ ಗಲೀಜು ಅನ್ನಿಸುತ್ತದೆ. ಹರಿವಾಣದೊಳಗೆ ಇಟ್ಟರೆ ಜೋಡಿಸಿಟ್ಟಂತೆ ಕಾಣುತ್ತದೆ. ಅಂಚು ಇದೆಯಲ್ಲ, ಅದರೊಳಗೆ ಇದ್ದದ್ದೆಲ್ಲ ಒಂದೇ ಗುಂಪಾಗಿ ಕಣ್ಣಿಗೆ ಬೀಳುತ್ತದೆ. ಒರೆಸುವಾಗಲೂ ಒಂದನ್ನೇ ಎತ್ತಿದರೆ ಸಾಕು. ಒಂದು ಎತ್ತರದ್ದು, ಉಳಿದವು ಗಿಡ್ಡ, ಸ್ವಲ್ಪ ಜಾಗ ಖಾಲಿ. ಟೀಪಾಯಿಯ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಹಿಡಿದರೆ ಸರಿ. ಪೂರ್ತಿ ತುಂಬಿದರೆ ಬಂದವರಿಗೆ ಚಹಾ ಲೋಟ ಇಡಲು ಎಡೆಯಿಲ್ಲ. ಸುರಗಿ ಹೂವಿನ ಕಾಲದಲ್ಲಿ ನಾನು ಒಂದು ಬೊಗಸೆ ಹೂವನ್ನು ಸಣ್ಣ ಬಟ್ಟಲಲ್ಲಿ ಹಾಕಿ ಅದರಲ್ಲೇ ಇಡುತ್ತೇನೆ. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ.

ಒಲೆಯ ಪಕ್ಕಕ್ಕೆ ಮಾತ್ರ ಹಿತ್ತಾಳೆ ಬೇಡ. ಎಣ್ಣೆ ಬಾಟಲಿ, ಉಪ್ಪಿನ ಭರಣಿ ಇಡಲು ಅಂಚಿರುವ ಸ್ಟೀಲ್ ತಟ್ಟೆಯೇ ಸರಿ. ಹಾಗೆಯೇ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ತಿಂಡಿ, ಕೊಯ್ದ ಹಣ್ಣು ನೇರವಾಗಿ ಇಡಬಾರದು. ಹುಳಿ ತಾಮ್ರವನ್ನು ಬಿಡಿಸುತ್ತದೆ, ಹೊಟ್ಟೆಗೆ ಒಳ್ಳೆಯದಲ್ಲ. ಮಕ್ಕಳು ಬೀಚಿನಿಂದ ತರುವ ಚಿಪ್ಪುಗಳನ್ನು ಟ್ರೇ ಮೇಲೆ ಇಡುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲು ಅವನ್ನು ಸಿಹಿನೀರಲ್ಲಿ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ಇಲ್ಲದಿದ್ದರೆ ಚಿಪ್ಪಿನೊಳಗಿನ ಉಪ್ಪೇ ಲೋಹವನ್ನು ತಿನ್ನುತ್ತದೆ.

ಪುರವಣಿಯಲ್ಲಿ ಟ್ರೇ ಕೆಳಗೆ ಫೆಲ್ಟ್ ಬಟ್ಟೆ ಅಂಟಿಸಿ ಎಂದು ಬರೆದಿದ್ದರು. ಕರಾವಳಿಗೆ ಅದು ಹೊಂದುವುದಿಲ್ಲ. ಬಟ್ಟೆ ತೇವ ಹಿಡಿಯುತ್ತದೆ, ಆಷಾಢ, ಶ್ರಾವಣದಲ್ಲಿ ಬೂಷ್ಟು ಬರುತ್ತದೆ. ಅದರ ಬದಲು ರಬ್ಬರಿನ ಸಣ್ಣ ಬಿಲ್ಲೆಗಳನ್ನು ಮೂರು ಕಡೆ ಅಂಟಿಸಿ. ಮರಕ್ಕೆ ಗೀರು ಬೀಳುವುದಿಲ್ಲ, ಕೆಳಗೆ ಗಾಳಿಯೂ ಆಡುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಬೇಕು. ಈ ಎರಡನೆಯದು ಮರೆತರೆ ಮೊದಲನೆಯದು ಮಾಡಿ ಪ್ರಯೋಜನವಿಲ್ಲ.

ಕಿಲುಬು ಹಿಡಿದರೆ ಹುಣಸೆಹಣ್ಣು ಇದ್ದೇ ಇದೆ. ಬಿಂಬಲಕಾಯಿ ಮರ ಹಿತ್ತಲಲ್ಲಿ ಇದ್ದವರಿಗೆ ಅದೂ ಬೇಡ, ಹಣ್ಣಾದ ಎರಡು ಕಾಯಿ ಜಜ್ಜಿ ತಿಕ್ಕಿದರೆ ಸಾಕು. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಹುಳಿಯ ಅಂಶ ಹೋಗುವಂತೆ ಮಾಡಿ, ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗಿಡಿ. ಕೊನೆಗೆ ತೆಂಗಿನೆಣ್ಣೆಯ ಒಂದು ಹನಿ ಸವರಿ ಬೆರಳಿಗೆ ಜಿಡ್ಡು ತಾಗದಷ್ಟು ಒರೆಸಿ ತೆಗೆಯಿರಿ. ಹೊಸ ಹಿತ್ತಾಳೆ ಟ್ರೇಗಳಿಗೆ ಎಷ್ಟೋ ಸಲ ಪಾರದರ್ಶಕ ವಾರ್ನಿಶ್ ಹೊಡೆದಿರುತ್ತಾರೆ. ಅಂಥವನ್ನು ಹುಳಿ ಹಾಕಿ ತಿಕ್ಕಬೇಡಿ. ವಾರ್ನಿಶ್ ಅಲ್ಲಲ್ಲಿ ಎದ್ದು ಮೈಯೆಲ್ಲ ಮಚ್ಚೆ ಬೀಳುತ್ತದೆ.

ನನಗೆ ನಿಜಕ್ಕೂ ಸಂಕಟವಾಗುವುದು ಬೇರೆ ವಿಷಯಕ್ಕೆ. ಹಳೆ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ತರುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆ ಬಂದರೆ ಪಾತ್ರೆ ಅಂಗಡಿಗಳ ಸಾಲು ನೋಡಿ ಎಲ್ಲರಿಗೂ ಹೊಸದರ ಆಸೆ ಹುಟ್ಟುತ್ತದೆ, ಅದು ಸಹಜ. ಆದರೆ ಮನೆಯ ಹಳೇ ಹರಿವಾಣ ತಕ್ಕಡಿಗೆ ಹೋದರೆ ಬರುವುದು ಗುಜರಿ ಬೆಲೆ. ಅಲ್ಲಿ ಕೆಲಸಗಾರಿಕೆಗೆ ಬೆಲೆಯಿಲ್ಲ, ಹಿಂದೆ ಕೆತ್ತಿದ ಹೆಸರಿಗೂ ಇಲ್ಲ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಅದೇ ಮನೆಯವರು ತಗಡಿನ ಟ್ರೇ ತರಿಸಿಕೊಳ್ಳುತ್ತಾರೆ. ನಮ್ಮ ಕೇರಿಯಲ್ಲೇ ಇದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಟ್ರೇ, ದೀಪ, ಹೂದಾನಿಗಳ ಫೋಟೊ ಹಾಕುವಾಗ ಬೆಲೆಯ ಪಕ್ಕದಲ್ಲೇ ಅದು ಯಾವ ಲೋಹದ್ದು, ಮೇಲೆ ಲೇಪ ಇದೆಯೇ ಎಂದೂ ಒಂದು ಸಾಲು ಬರೆಸಿ. ಇನ್ನೊಂದು, ಕಾರವಾರದಿಂದ ಭಟ್ಕಳದವರೆಗೆ ಹಳೇ ಹರಿವಾಣ, ತಬಕುಗಳನ್ನು ದಿನವೂ ಬಳಸುತ್ತಿರುವ ಮನೆಗಳು ಬೇಕಾದಷ್ಟಿವೆ. ಮಳೆಗಾಲ ಶುರುವಾಗುವ ಮೊದಲು ನಿಮ್ಮ ಫೋಟೊಗ್ರಾಫರನ್ನು ಒಮ್ಮೆ ಈ ಕಡೆ ಕಳಿಸಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಕೋಡಿಬಾಗ, ಕಾರವಾರ